ಕರ್ಪೂರ ಸುಟ್ಟ ಮೂರು ಸಾಲು

ರಿಜಿಸ್ಟರ್ಡ್ ಅಂಚೆಯಲ್ಲಿ ಆ ಕಾಗದ ಬಂದಾಗ ನಾನು ಬೆಸುಗೆ ಹಾಕುತ್ತಿದ್ದೆ. ಯಜಮಾನರು ಲಕೋಟೆ ಒಡೆದು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಅದನ್ನು ನನ್ನ ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತುಬಿಟ್ಟರು. ಆ ಮನುಷ್ಯ ಆ ಮರದ ಕೆಳಗೆ ನಿಂತರೆಂದರೆ ಏನೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ಕಾಗದ ಇಂಗ್ಲಿಷಿನಲ್ಲಿ ನಾಲ್ಕು ಪುಟ ಇತ್ತು. ಸುತ್ತಿ ಬಳಸಿ ಬರೆದದ್ದನ್ನೆಲ್ಲ ಹಿಂಡಿದರೆ ಸಿಗುವುದು ಇಷ್ಟು: ನೀವು ಮಾರುತ್ತಿರುವ ತಂತಿ ಸುತ್ತುವ ಯಂತ್ರದ ವಿಧಾನಕ್ಕೆ ನಮ್ಮ ಪೇಟೆಂಟ್ ಇದೆ. ಮೂವತ್ತು ದಿನದೊಳಗೆ ಜೊತೆಗಿರುವ ಲೈಸೆನ್ಸ್ ಒಪ್ಪಂದಕ್ಕೆ ಸಹಿ ಹಾಕಿ ಕಳಿಸಿ. ಇಲ್ಲದಿದ್ದರೆ ಮಾರಾಟ ನಿಲ್ಲಿಸಿ. ಎರಡೂ ಮಾಡದಿದ್ದರೆ ಕೋರ್ಟಿನಲ್ಲಿ ನೋಡೋಣ. ಕಳಿಸಿದವರು ಹೊರ ಊರಿನ ಒಂದು ದೊಡ್ಡ ಕಂಪನಿ. ಒಪ್ಪಂದದ ಎರಡನೇ ಕಲಮಿನಲ್ಲಿ ಒಂದು ಸಾಲು ಇತ್ತು. ಈ ವಿಧಾನವನ್ನು ಕಂಡುಹಿಡಿದವರು ನೀವೇ ಎಂದು ನಾವು ಒಪ್ಪಿಕೊಂಡಿದ್ದೇವೆ, ಇದು ನಮ್ಮ ಕೆಲಸವಲ್ಲ ಎಂದು ನಾವೇ ಬರೆದುಕೊಡಬೇಕಂತೆ. ಅದನ್ನು ಓದಿದವಳೇ ನಾನು ಕಾದ ಕಡ್ಡಿಯನ್ನು ಮೇಜಿನ ಮೇಲೆ ಹಾಗೇ ಇಟ್ಟೆ. ಮೇಜು ಸುಟ್ಟ ವಾಸನೆ ಬಂದ ಮೇಲೇ ಗೊತ್ತಾದದ್ದು.

ಎಂಬತ್ತರ ದಶಕದ ಆರಂಭದ ವರ್ಷಗಳು ಅವು. ಪೀಣ್ಯದ ಒಳರಸ್ತೆಯೊಂದರ ಶೆಡ್ಡಿನಲ್ಲಿ ನಾವು ಏಳು ಜನ ಇದ್ದೆವು. ನಮ್ಮದು ಸಾಫ್ಟ್‌ವೇರ್ ಕಂಪನಿ ಎಂದರೆ ಪಕ್ಕದ ಲೇತ್ ಅಂಗಡಿಯವರು ಪಾಪ, ತಲೆ ಅಲ್ಲಾಡಿಸುತ್ತಿದ್ದರು ಅಷ್ಟೆ. ಟ್ರಾನ್ಸ್‌ಫಾರ್ಮರಿಗೆ, ಮೋಟಾರಿಗೆ ತಾಮ್ರದ ತಂತಿ ಸುತ್ತುವ ಯಂತ್ರಗಳು ಆಗಲೇ ಬೇಕಾದಷ್ಟಿದ್ದವು. ಆ ಯಂತ್ರಕ್ಕೆ ನಾವು ಒಂದು ಪೆಟ್ಟಿಗೆ ಕೂರಿಸುತ್ತಿದ್ದೆವು, ಪೆಟ್ಟಿಗೆಯೊಳಗೆ ನನ್ನ ಪ್ರೋಗ್ರಾಂ. ಅದರಿಂದ ಯಂತ್ರಕ್ಕೆ ಪಾಠ ಹೇಳಬಹುದಿತ್ತು. ಮೊದಲನೇ ಸುರುಳಿಯನ್ನು ಯಾರಾದರೂ ಹಿಡಿಕೆ ತಿರುಗಿಸಿ ಕೈಯಲ್ಲಿ ಸುತ್ತಿ ತೋರಿಸಬೇಕು. ಎಲ್ಲಿ ಬೇಗ, ಎಲ್ಲಿ ನಿಧಾನ, ಎಲ್ಲಿ ಪದರ ಮುಗಿಯಿತು, ಎಷ್ಟು ಸುತ್ತಾಯಿತು ಎಲ್ಲವನ್ನೂ ಪೆಟ್ಟಿಗೆ ನೆನಪಿಟ್ಟುಕೊಂಡು ಎರಡನೇ ಸುರುಳಿಯಿಂದ ತಾನೇ ಸುತ್ತುತ್ತಿತ್ತು. ಉಪಾಯ ನಮ್ಮ ಫೋರ್‌ಮನ್ನರದು. ಮೂವತ್ತು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ತಂತಿ ಸುತ್ತಿ ನಿವೃತ್ತರಾಗಿ ಬಂದವರು. "ಕಲಿಯೋಕೆ ಬರೋ ಹುಡುಗರಿಗೆ ನಾನು ಬಾಯಲ್ಲಿ ಹೇಳಿದ್ದೇ ಇಲ್ಲ ಮೇಡಂ, ನೋಡ್ಕೋ ಅಂತೀನಿ ಅಷ್ಟೆ. ಯಂತ್ರಾನೂ ನೋಡ್ಕೊಳ್ಳಲಿ" ಎಂದು ಒಂದು ದಿನ ಟೀ ಕುಡಿಯುತ್ತಾ ಹೇಳಿದ್ದರು. ಆ ಮಾತನ್ನು ಪ್ರೋಗ್ರಾಂ ಮಾಡಲು ನನಗೆ ಹನ್ನೊಂದು ತಿಂಗಳು ಹಿಡಿದಿತ್ತು. ಈಗ ಯಾರೋ ಬಂದು ಅದು ನಮ್ಮದು ಎಂದರೆ ಹೇಗಿರುತ್ತದೆ, ನೀವೇ ಹೇಳಿ.

ನನಗೆ ಕೋಪ ಬೇಗ. ಜಾಲಹಳ್ಳಿ ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಅಪ್ಪ ನನ್ನನ್ನು ಒಗ್ಗರಣೆ ಸೌಟು ಎನ್ನುತ್ತಿದ್ದರು. ಸೀದಾ ಬೇವಿನ ಮರದ ಕೆಳಗೆ ಹೋಗಿ ಯಜಮಾನರ ಎದುರು ನಿಂತೆ.

"ಸಾರ್, ಇದು ಶುದ್ಧ ಸುಳ್ಳು. ಉತ್ತರ ಬರೀರಿ."

"ಏನಂತ ಬರೀಲಮ್ಮ?"

"ನಾವು ಮೊದಲು ಮಾಡಿದ್ದು ಅಂತ."

"ಅವರು ಪೇಟೆಂಟ್ ತಗೊಂಡಿದ್ದಾರೆ. ನಾವು ತಗೊಂಡಿಲ್ಲ. ನಮ್ಮ ಹತ್ರ ಏನಿದೆ ಹೇಳು?"



ಮಾರನೆಯ ದಿನ ಗಾಂಧಿನಗರದ ಹಳೆಯ ಕಟ್ಟಡವೊಂದರ ಮಹಡಿಯಲ್ಲಿದ್ದ ವಕೀಲರ ಬಳಿ ಯಜಮಾನರು, ಫೋರ್‌ಮನ್, ನಾನು ಮೂವರೂ ಹೋದೆವು. ಪೇಟೆಂಟ್ ಕೆಲಸ ಗೊತ್ತಿದ್ದ ಕೆಲವೇ ಜನರಲ್ಲಿ ಅವರೊಬ್ಬರು. ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನಾಲ್ಕೂ ಪುಟ ಓದಿ ಒಂದೇ ಪ್ರಶ್ನೆ ಕೇಳಿದರು.

"ಇವರು ಅರ್ಜಿ ಹಾಕಿದ್ದು ಜನವರೀಲಿ. ಅದಕ್ಕೆ ಮುಂಚೆ ನೀವು ಇದನ್ನ ನಾಲ್ಕು ಜನದ ಎದುರು ಓಡಿಸಿ ತೋರಿಸಿದ್ರಾ? ನಿಮ್ಮ ಶೆಡ್ ಒಳಗೆ ಬಾಗಿಲು ಹಾಕ್ಕೊಂಡು ಅಲ್ಲ. ಹೊರಗಿನವರ ಎದುರು."

"ಯಾಕೆ ಸಾರ್?"

"ಅರ್ಜಿಗೆ ಮುಂಚೆ ಈ ದೇಶದಲ್ಲಿ ಜನರ ಕಣ್ಣೆದುರು ನಡೆದುಹೋಗಿರೋ ಕೆಲಸಕ್ಕೆ ಪೇಟೆಂಟ್ ನಿಲ್ಲಲ್ಲಮ್ಮ. ಗುಟ್ಟಾಗಿ ಇಟ್ಟಿದ್ರೆ ಮಾತ್ರ ನೀವು ಕೆಟ್ರಿ."

ಫೋರ್‌ಮನ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆ ಜನವರಿಗೆ ಮುಂಚಿನ ಅಕ್ಟೋಬರಿನ ಆಯುಧಪೂಜೆಯ ದಿನ ಇದೇ ಫೋರ್‌ಮನ್ನರಿಗೆ ನಾನು ಚೆನ್ನಾಗಿ ಉಗಿದಿದ್ದೆ.

ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಎಲ್ಲ ಶೆಡ್ಡಿನ ಬಾಗಿಲೂ ತೆರೆದಿರುತ್ತದೆ. ಒಂದು ಅಂಗಡಿಯವರು ಇನ್ನೊಂದು ಅಂಗಡಿಗೆ ಹೋಗಿ ಕಡಲೆಪುರಿ, ಸಿಹಿ ತಿಂದು ಬರುತ್ತಾರೆ. ಹೆಂಡತಿ ಮಕ್ಕಳು ಬಂದು ತಮ್ಮವರು ದಿನವಿಡೀ ನಿಲ್ಲುವ ಯಂತ್ರವನ್ನು ನೋಡಿಹೋಗುತ್ತಾರೆ. ತೊಳೆದು ಒರೆಸಿ ಕುಂಕುಮ ಇಟ್ಟ ಯಂತ್ರವನ್ನು ಮಂಗಳಾರತಿಯಾದ ಮೇಲೆ ಶಾಸ್ತ್ರಕ್ಕೆ ಒಂದು ಸುತ್ತು ಓಡಿಸುವುದು ನಮ್ಮಲ್ಲಿ ರೂಢಿ. ಆ ವರ್ಷ ಫೋರ್‌ಮನ್ ಒಂದು ಸುತ್ತಿಗೆ ನಿಲ್ಲಿಸಲಿಲ್ಲ. ಶೆಡ್ಡಿನ ಮಾಲೀಕಳಾದ ಅಜ್ಜಿಯನ್ನು ಕರೆದರು. ನಮ್ಮ ಶೆಡ್ಡು ಎದ್ದದ್ದೇ ಆಕೆಯ ರಾಗಿ ಹೊಲದ ಮೇಲೆ. ಶೆಡ್ಡಿನ ಹಿಂದಿನ ಹೆಂಚಿನ ಮನೆಯಲ್ಲೇ ಇದ್ದರು. ನೀವು ಹಿರಿಯರು, ಮೊದಲ ಸುರುಳಿ ನೀವೇ ಸುತ್ತಿ ಅಂತ ಫೋರ್‌ಮನ್ ಹಿಡಿಕೆ ಕೊಟ್ಟರು. ಅಜ್ಜಿಯದು ಬೀಸುವ ಕಲ್ಲು ತಿರುಗಿಸಿ ಪಳಗಿದ ಕೈ, ನಾಲ್ಕು ಸುತ್ತು ಸರಾಗವಾಗಿ ತಿರುಗಿಸುವುದು, ಐದನೆಯದಕ್ಕೆ ಒಂದು ಕ್ಷಣ ನಿಂತು ಹಿಡಿ ಧಾನ್ಯ ಹಾಕುವಷ್ಟು ಹೊತ್ತು ಬಿಡುವುದು, ಮತ್ತೆ ನಾಲ್ಕು ಸುತ್ತು. ಆಮೇಲೆ ಫೋರ್‌ಮನ್ ಗುಂಡಿ ಒತ್ತಿದರು. ಯಂತ್ರವೂ ನಾಲ್ಕು ಸುತ್ತು ತಿರುಗಿ, ಒಂದು ಕ್ಷಣ ನಿಂತು, ಮತ್ತೆ ನಾಲ್ಕು ಸುತ್ತಿತು. ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ ನಿನ್ನ ಮನೆ ಕಾಯ್ವಾಗ, ನನ್ನಂಗೇ ಆಡ್ತೈತಲ್ಲ!" ಎಂದರು.

ನಾನು ಫೋರ್‌ಮನ್ನರನ್ನು ಮೂಲೆಗೆ ಕರೆದು ಬೈದೆ. "ಇಷ್ಟು ಜನರ ಎದುರು ತೋರಿಸ್ತೀರಲ್ಲ, ನಾಳೆ ಯಾರಾದ್ರೂ ಕದ್ರೆ?" ಎಂದೆ. ಪಾಪ, ಅವರು ಸಿಹಿ ಹಿಡಿದುಕೊಂಡೇ ಬೈಗುಳ ಕೇಳಿಸಿಕೊಂಡಿದ್ದರು.

ಇದನ್ನೆಲ್ಲ ಹೇಳಿದಾಗ ವಕೀಲರ ಕಣ್ಣು ಅರಳಿತು. "ಆಯುಧಪೂಜೆ ಅಕ್ಟೋಬರ್, ಅರ್ಜಿ ಜನವರಿ. ಸಾಕು. ಈಗ ಆ ದಿನ ಓಡಿದ ಪ್ರೋಗ್ರಾಂ ತನ್ನಿ" ಎಂದರು.

"ಅದು ಇಲ್ಲ ಸಾರ್" ಎಂದೆ.

ಆಗೆಲ್ಲ ಪ್ರೋಗ್ರಾಂ ತುಂಬುವ ಚಿಪ್ ಸಿಗುತ್ತಿದ್ದದ್ದೇ ಕಷ್ಟ, ಎಲ್ಲ ಹೊರದೇಶದಿಂದ ಬರಬೇಕು. ಪ್ರೋಗ್ರಾಂ ಸುಧಾರಿಸಿದಂತೆಲ್ಲ ಹಳೆಯ ಚಿಪ್ಪನ್ನು ನೇರಳೆ ದೀಪದ ಕೆಳಗಿಟ್ಟು ಅಳಿಸಿ, ಅದರ ಮೇಲೇ ಹೊಸದನ್ನು ಬರೆಯುತ್ತಿದ್ದೆವು. ಬರೆದಿಟ್ಟ ನೋಟ್‌ಬುಕ್ಕಿನಲ್ಲೂ ಅಷ್ಟೆ. ನಾನು ಪೆನ್ಸಿಲಿನಲ್ಲಿ ಬರೆದು ರಬ್ಬರಿನಲ್ಲಿ ಉಜ್ಜಿ ತಿದ್ದುವವಳು. ಅಚ್ಚುಕಟ್ಟು ಎಂದು ಬೀಗುತ್ತಿದ್ದೆ, ಬುದ್ಧಿವಂತೆ! ಇನ್ನೊಂದು ಪ್ರತಿ ಇತ್ತು. ಗುಜರಿಯಲ್ಲಿ ಕೊಂಡ ಹಳೇ ಟೆಲಿಪ್ರಿಂಟರಿನಲ್ಲಿ ಪ್ರೋಗ್ರಾಮನ್ನು ಕಾಗದದ ಟೇಪಿನ ಮೇಲೆ ತೂತು ಹೊಡೆದು ಇಡುತ್ತಿದ್ದೆವು. ಅಂಗುಲ ಅಗಲದ ಪಟ್ಟಿ, ಒಂದು ಸಾಲಿನಲ್ಲಿ ಎಂಟು ತೂತಿಗೆ ಜಾಗ. ತೂತು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಪೂಜೆಯ ಹಿಂದಿನ ದಿನ ಹೊಡೆದ ಟೇಪು ಹದಿನೈದು ಅಡಿ ಉದ್ದ ಇತ್ತು. ಪೂಜೆಗೆ ಚೆಂಡುಹೂವು ಸಾಲದೆ ಬಂದಾಗ ಫೋರ್‌ಮನ್ ಅದನ್ನೇ ಮಾವಿನೆಲೆಯ ಜೊತೆ ಸೇರಿಸಿ ಯಂತ್ರದ ಮೇಲೆ ತೋರಣ ಕಟ್ಟಿದ್ದರು. ಹೇಗೂ ಮುಂದಿನ ವಾರ ಪ್ರೋಗ್ರಾಂ ಬದಲಾಯಿಸುವವಳಿದ್ದೆ, ಕಟ್ಟಿಕೊಳ್ಳಲಿ ಎಂದು ಬಿಟ್ಟಿದ್ದೆ. ಹಬ್ಬ ಮುಗಿದ ಮೇಲೆ ಅದನ್ನು ಬಿಚ್ಚಿದ್ದು ಮಸುಕಾಗಿ ನೆನಪಿತ್ತು. ಎಸೆದಿರುತ್ತೇನೆ ಎಂದುಕೊಂಡೆ. ವಕೀಲರಿಗೂ ಹಾಗೇ ಹೇಳಿದೆ.

ಅವರು ಕನ್ನಡಕ ತೆಗೆದಿಟ್ಟರು. "ಬರೀ ಬಾಯಿ ಮಾತು ನಿಲ್ಲಲ್ಲಮ್ಮ. ಅವತ್ತು ಓಡಿದ್ದು ಇದೇ ವಿಧಾನ ಅಂತ ತೋರಿಸೋಕೆ ವಸ್ತು ಬೇಕು."



ಮುಂದಿನ ಎರಡು ವಾರ ನಾನು ಶೆಡ್ಡನ್ನು ತಲೆಕೆಳಗು ಮಾಡಿದೆ. ಕಪಾಟು, ಅಟ್ಟ, ತಂತಿಯ ಖಾಲಿ ಉರುಳೆಗಳ ಪೆಟ್ಟಿಗೆ ಯಾವುದನ್ನೂ ಬಿಡಲಿಲ್ಲ. ಒಂದು ಹಲ್ಲಿ ಮೊಟ್ಟೆ, ಫೋರ್‌ಮನ್ನರ ಕಳೆದುಹೋದ ನಶ್ಯದ ಡಬ್ಬಿ ಸಿಕ್ಕಿದವು. ಫೋರ್‌ಮನ್ ಡಬ್ಬಿ ಕಂಡು ಖುಷಿಪಟ್ಟರು, ಅವರ ಮೇಲೂ ರೇಗಿದೆ. ಸಿಕ್ಕ ಒಂದೇ ಒಂದು ಉಪಯೋಗದ ವಸ್ತು ಹಬ್ಬದ ದಿನದ ಫೋಟೋ. ಅಜ್ಜಿ ಹಿಡಿಕೆ ಹಿಡಿದು ನಿಂತಿದ್ದರು, ಮೇಲೆ ತೂತಿನ ತೋರಣ, ಸುತ್ತ ನಾವೆಲ್ಲ. ಫೋಟೋದ ಬೆನ್ನಿಗೆ ಸ್ಟುಡಿಯೋದ ತಾರೀಖಿನ ಮುದ್ರೆ. ಆದರೆ ಫೋಟೋದಲ್ಲಿ ತೂತು ಎಣಿಸಲಾಗುತ್ತದೆಯೇ!

ಯಜಮಾನರು ಸೋತುಹೋದರು. ಸರ್ಕಾರಿ ಕಾರ್ಖಾನೆಯ ಭದ್ರವಾದ ಕೆಲಸ ಬಿಟ್ಟು ಈ ಶೆಡ್ಡು ಹಾಕಿದವರು. ನಮಗಿದ್ದದ್ದು ಇದೊಂದೇ ಸಾಮಾನು. ಇದನ್ನು ನಿಲ್ಲಿಸಿದರೆ ಏಳೂ ಜನ ಮನೆಗೆ. ಒಂದು ಶುಕ್ರವಾರ ಬೆಳಿಗ್ಗೆ ಅವರು ಒಪ್ಪಂದದ ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿದರು.

"ನೋಡಮ್ಮ, ಸಹಿ ಹಾಕಿದ್ರೆ ಕೆಲಸನಾದ್ರೂ ಉಳಿಯುತ್ತೆ. ಯಾರದು ಅಂತ ಬರ್ಕೊಂಡ್ರೆ ಏನೀಗ?"

"ಏನೀಗ ಅಂದ್ರೆ?" ಒಪ್ಪಂದದ ಮೇಲೆ ಅಂಗೈ ಊರಿದೆ. "ಅದು ನಂದು ಸಾರ್. ಫೋರ್‌ಮನ್ನರದು. ಕಳ್ಳರು ಅಂತ ನಾವೇ ಬರ್ಕೊಡೋದಾ?"

ಅವರು ತಲೆ ಎತ್ತಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು. ಆ ಹೊತ್ತಿಗೆ ಅಜ್ಜಿ ಬಂದರು. ಶುಕ್ರವಾರ ಶುಕ್ರವಾರ ಶೆಡ್ಡಿನ ಹೊಸಿಲಿಗೆ ಅರಿಶಿನ ಕುಂಕುಮ ಇಡುವುದು ಅವರ ಪದ್ಧತಿ. ಇಟ್ಟು ಎದ್ದವರು ನಮ್ಮ ಮುಖ ನೋಡಿದರು.

"ಯಾಕ್ರಪ್ಪ ಇಂಗೆ ಕುಂತಿದ್ದೀರಿ? ಯಾರ್‌ಗೇನಾತು?"

ಫೋರ್‌ಮನ್ ಹೇಳಿದರು. "ನೀವು ಹಬ್ಬದಲ್ಲಿ ಸುತ್ತಿದ್ರಲ್ಲ ಅಜ್ಜಿ, ಆ ಮಿಷಿನ್ನು ತಮ್ದು ಅಂತ ಯಾರೋ ಗಂಟು ಬಿದ್ದಿದ್ದಾರೆ. ಅವತ್ತಿನ ಗುರುತು ಬೇಕಂತೆ. ತೋರಣ ಕಟ್ಟಿದ್ವಲ್ಲ, ಆ ಟೇಪಿದ್ದಿದ್ರೆ ಆಗ್ತಿತ್ತು."

"ಆ ತೂತಿಂದಾ?" ಅಜ್ಜಿ ಕುಂಕುಮದ ಬಟ್ಟಲು ಕೆಳಗಿಟ್ಟರು. "ನಮ್ಮನೆ ದೇವ್ರ ಗೂಡಲ್ಲೈತಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಯಜಮಾನರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಹೆಂಚಿನ ಮನೆಯ ನಡುಮನೆಯ ಗೋಡೆಯಲ್ಲಿ ಗೂಡು. ಅದರಲ್ಲಿ ಮನೆದೇವರ ಪಟ, ಒಂದು ಹಿತ್ತಾಳೆಯ ದೀಪ. ಪಟದ ಸುತ್ತ ಮೂರು ಸುತ್ತು ಹಾರದ ಹಾಗೆ ಹಾಕಿತ್ತು ನನ್ನ ಟೇಪು. ಎಣ್ಣೆ ಜಿಡ್ಡು, ಕುಂಕುಮ, ಊದುಬತ್ತಿಯ ಬೂದಿ. ಆದರೂ ಹದಿನೈದು ಅಡಿಯೂ ಅಲ್ಲೇ ಇತ್ತು. ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಅಜ್ಜಿ ಗಾಬರಿಯಾಗಿ ನೀರು ತಂದುಕೊಟ್ಟರು.

"ಇದ್ಯಾಕೆ ಇಟ್ಕೊಂಡ್ರಿ ಅಜ್ಜಿ?"

"ಪೂಜೆ ಆಗಿದ್ದನ್ನ ಕಸಕ್ಕೆ ಆಕ್ತಾರಾ ತಾಯಿ? ಊವ ಆದ್ರೆ ಗಿಡದ ಬುಡಕ್ಕೆ ಆಕ್ಬೋದು. ಇದು ಕೊಳೀತದಾ? ಅದ್ಕೆ ಇಲ್ಲೇ ಇರ್ಲಿ ಅಂತ ಇಟ್ಟೆ."

ವಕೀಲರಿಗೆ ಫೋನ್ ಮಾಡಿದಾಗ ಅವರು ಹೇಳಿದ ಮೊದಲ ಮಾತು: "ಒರೆಸ್ಬೇಡಿ. ಊದಲೂಬೇಡಿ. ಹೇಗಿದೆಯೋ ಹಾಗೇ ಇರಲಿ." ಮರುದಿನವೇ ಅವರು ಪೀಣ್ಯಕ್ಕೆ ಬಂದು ಅಜ್ಜಿಯ ಹೇಳಿಕೆ ಬರೆದುಕೊಂಡರು. ಯಾವ ವರ್ಷದ ಹಬ್ಬ ಎಂದು ಕೇಳಿದರೆ, "ನಮ್ಮ ಕೆಂದೆಮ್ಮೆ ಎಣ್ಗರು ಆಕಿದ ವರ್ಸ" ಎಂದರು. ವಕೀಲರು ನಗದೆ ಅದನ್ನೂ ಬರೆದುಕೊಂಡರು. ತಾರೀಖಿಗೆ ಫೋಟೋದ ಮುದ್ರೆ ಇತ್ತು. ಅಜ್ಜಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೆ ಒರೆಸಿಕೊಂಡು, ವಕೀಲರಿಗೆ ಮಜ್ಜಿಗೆ ಕೊಟ್ಟರು.

ಇನ್ನು ಟೇಪು ಓದಬೇಕು. ಓದುವ ಯಂತ್ರಕ್ಕೆ ಹಾಕಿದರೆ ಜಿಡ್ಡಿಗೆ ಅದು ಎಡವಿತು. ತೂತಿನಲ್ಲಿ ಕುಂಕುಮ ಕೂತಿದ್ದರೆ ತೂತೇ ಇಲ್ಲ ಎನ್ನುತ್ತಿತ್ತು. ಒರೆಸುವ ಹಾಗಿಲ್ಲ. ಕೊನೆಗೆ ಎರಡು ಕುರ್ಚಿಗಳ ನಡುವೆ ಗಾಜು ಹಾಸಿ, ಕೆಳಗೆ ಟ್ಯೂಬ್‌ಲೈಟ್ ಇಟ್ಟು, ಟೇಪನ್ನು ಅದರ ಮೇಲೆ ಹರಡಿ, ಭೂತಗನ್ನಡಿ ಹಿಡಿದು ನಾನು ಒಂದೊಂದೇ ಸಾಲು ಕೂಗುವುದು, ಫೋರ್‌ಮನ್ ಬರೆಯುವುದು ಎಂದಾಯಿತು. ತೂತಿಗೆ ಒಂದು ಚುಕ್ಕಿ, ಖಾಲಿಗೆ ಒಂದು ಗೀಟು. ಸಾವಿರದ ಎಂಟುನೂರು ಸಾಲು. ಅವರ ಪುಸ್ತಕದಲ್ಲಿ ಅದು ರಂಗೋಲಿ ಚುಕ್ಕಿಯಂತೆ ಕಾಣುತ್ತಿತ್ತು. ಒಂದು ಸಲ ಮುಗಿದ ಮೇಲೆ ಜಾಗ ಬದಲಿಸಿ ಅವರು ಕೂಗಿದರು, ನಾನು ಬರೆದೆ. ಎರಡನ್ನೂ ಹೋಲಿಸಿ ತಪ್ಪು ತಿದ್ದಿದೆವು. ಆರು ದಿನ ಹಿಡಿಯಿತು. ಆ ಆರು ದಿನ ನನ್ನ ರೇಗಾಟವನ್ನು ಅವರು ಒಂದು ಮಾತೂ ಆಡದೆ ಸಹಿಸಿದರು. ಕತ್ತು ನೋವೆಂದರೆ ಮನೆಯಿಂದ ಎಣ್ಣೆ ಕಾಯಿಸಿ ತಂದರು. ಅಂಥವರು ನನಗೆ ಗುರುವಾಗಿ ಸಿಕ್ಕಿದ್ದು ನನ್ನ ಪುಣ್ಯ.

ಮೂರನೇ ದಿನ ಒಂದು ಕಡೆ ನಿಂತೆ. ಕಡಲೆಕಾಳಿನಗಲಕ್ಕೆ ಟೇಪು ಅಂಚಿನಿಂದ ಅಂಚಿಗೆ ಸುಟ್ಟು ಕರಿಕಲಾಗಿತ್ತು. ಲೆಕ್ಕ ಹಾಕಿದರೆ ಮೂರು ಸಾಲು ಪೂರ್ತಿ ಹೋಗಿತ್ತು. ಆರತಿ ಎತ್ತುವಾಗ ಕರ್ಪೂರದ ಕಿಡಿ ಬಿದ್ದದ್ದು. ಅಜ್ಜಿ ನೋಡಿ, "ಅಯ್ಯೋ, ನಾನೇ ಸುಟ್ಟಾಕ್ಬುಟ್ನಲ್ಲವ್ವ!" ಎಂದು ಹಣೆ ಬಡಿದುಕೊಂಡರು. ಎಷ್ಟು ಸಮಾಧಾನ ಮಾಡಿದರೂ ಕೇಳಲಿಲ್ಲ. ಆ ದಿನ ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು.

ಮೂರು ಸಾಲಿನಲ್ಲಿ ಏನಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುರುಳಿ ಮುಗಿಯುವ ಮುಂಚೆ ವೇಗ ಇಳಿಸು ಎನ್ನುವ ಒಂದೇ ಒಂದು ಆಜ್ಞೆ. ಅದಿಲ್ಲದಿದ್ದರೆ ಯಂತ್ರ ಓಡುತ್ತದೆ, ಕೈ ತೋರಿಸಿದಂತೆಯೇ ಸುತ್ತುತ್ತದೆ, ಆದರೆ ಕೊನೆಯಲ್ಲಿ ನಿಧಾನಿಸದೆ ತಂತಿ ಹರಿಯುತ್ತದೆ. ಆ ಮೂರು ಸಾಲಿನ ಸಂಖ್ಯೆಗಳು ನನಗೆ ಬಾಯಿಪಾಠ. ನಕಲು ಪ್ರತಿಯಲ್ಲಿ ಹಾಕಿದರೆ ಮುಗಿಯಿತು.

"ಹಾಕ್ಬಿಡು. ಇದ್ದದ್ದೇ ತಾನೇ, ಸುಳ್ಳೇನಲ್ಲವಲ್ಲ" ಎಂದರು ಯಜಮಾನರು.

ಹಾಕಲು ಕೈ ಹೋಗಿತ್ತು. ತಡೆದದ್ದು ಧರ್ಮ ಗಿರ್ಮ ಏನೂ ಅಲ್ಲ, ಹೆದರಿಕೆ. ಮೂಲದಲ್ಲಿ ಕಾಣದ ಮೂರು ಸಾಲು ನಕಲಿನಲ್ಲಿ ಬಂದರೆ, ಉಳಿದ ಅಷ್ಟೂ ಸಾಲನ್ನು ನಾನೇ ಕೂತು ಹೊಸೆದೆ ಎನ್ನುತ್ತಾರೆ. ಆಮೇಲೆ ಅಜ್ಜಿಯ ಹೆಬ್ಬೆಟ್ಟಿಗೂ ಬೆಲೆ ಇರುವುದಿಲ್ಲ. ಆ ಹೆಬ್ಬೆಟ್ಟು ನೆನಪಾದಾಗ ಹೆದರಿಕೆ ಹೋಗಿ ನಾಚಿಕೆಯಾಯಿತು.

"ಬೇಡ ಸಾರ್. ಸೊನ್ನೆ ಹಾಕ್ತೀನಿ. ಸೊನ್ನೆ ಅಂದ್ರೆ ಯಂತ್ರಕ್ಕೆ ಏನೂ ಮಾಡ್ಬೇಡ, ಮುಂದಕ್ಕೆ ಹೋಗು ಅಂತ ಅರ್ಥ."

"ತಂತಿ ಹರಿಯುತ್ತಲ್ಲಮ್ಮ! ಅವರ ಎದುರಿಗೆ ಹರಿದ್ರೆ?"

"ಹರೀಲಿ ಸಾರ್. ಸುಟ್ಟಿದೆ ಅಂತ ನಾವೇ ಮೊದಲು ಬರೆದುಕೊಡೋಣ."

 ಯಜಮಾನರ ಮನೆ, ಏಳು ಜನರ ಅನ್ನ ಎಲ್ಲ ಆ ಮೂರು ಸಾಲಿನ ಮೇಲೆ ನಿಂತಿತ್ತು. "ಸರಿ, ನಿನ್ನ ಪ್ರೋಗ್ರಾಂ. ನೀನು ಹೇಳಿದ ಹಾಗೇ ಆಗಲಿ" ಎಂದರು. ಯಜಮಾನರಾಗಿದ್ದೂ ಆ ಮಾತು ಆಡಲು ಎಷ್ಟು ಎದೆ ಬೇಕೆಂದು ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು.

ಗಡುವಿಗೆ ಐದು ದಿನ ಇರುವಾಗ ವಕೀಲರ ಪತ್ರದ ಮೇರೆಗೆ ಆ ಕಂಪನಿಯ ಎಂಜಿನಿಯರ್ ಒಬ್ಬರು ಪರೀಕ್ಷೆಗೆ ಬಂದರು. ಠಸ್‌ಪುಸ್ ಇಂಗ್ಲಿಷಿನ ಸೂಟುಧಾರಿಯೊಬ್ಬ ಬರುತ್ತಾನೆ, ಚೆನ್ನಾಗಿ ಜಾಡಿಸೋಣ ಎಂದು ಕಾದಿದ್ದ ನನಗೆ ನಿರಾಶೆಯಾಯಿತು. ಕಂಪನಿಯ ಚಂದಾಪುರದ ಶಾಖೆಯಿಂದ ಎರಡು ಬಸ್ಸು ಹಿಡಿದು ಬೆವರಿಕೊಂಡು ಬಂದ ತೆಳ್ಳನೆಯ ಮನುಷ್ಯ, ನಮ್ಮ ಹಾಗೆಯೇ ಕನ್ನಡ ಮಾತಾಡುವವರು.

"ಒಂದು ಲೋಟ ನೀರು ಸಿಗುತ್ತಾ ಮೇಡಂ?" ಎಂದೇ ಶುರು ಮಾಡಿದರು.

ಕೆಲಸದಲ್ಲಿ ಮಾತ್ರ ಗಟ್ಟಿ. ಮೂಲ ಟೇಪಿನಲ್ಲಿ ತಮಗೆ ಬೇಕಾದ ಹತ್ತು ಜಾಗ ಆರಿಸಿ, ತಾವೇ ತೂತು ಓದಿ, ನಮ್ಮ ಪಟ್ಟಿಯ ಜೊತೆ ತಾಳೆ ನೋಡಿದರು. ಫೋಟೋ ಹಿಡಿದು ತೋರಣದ ಮಡಿಕೆಗಳನ್ನೂ ಟೇಪಿನ ಮೇಲಿನ ಮಡಿಕೆಯ ಗುರುತನ್ನೂ ಹೋಲಿಸಿದರು. ಖಾಲಿ ಚಿಪ್ಪು ತಾವೇ ತಂದಿದ್ದರು. ಅದಕ್ಕೆ ಪ್ರೋಗ್ರಾಂ ತುಂಬಿ, ಪೆಟ್ಟಿಗೆಗೆ ಹಾಕಿ, ಯಂತ್ರದ ಮುಂದೆ ನಿಂತೆವು. ಯಜಮಾನರು, ವಕೀಲರು, ಬಾಗಿಲಲ್ಲಿ ಅಜ್ಜಿ.

"ಮೊದಲ ಸುರುಳಿ ನಾನೇ ಸುತ್ತಲಾ?" ಎಂದು ಕೇಳಿ ಅವರೇ ಹಿಡಿಕೆ ಹಿಡಿದರು. ಅಭ್ಯಾಸವಿಲ್ಲದ ಕೈ. ನಡುವೆ ಒಂದು ಕಡೆ ತಡವರಿಸಿತು. ಮುಗಿಸಿ, ಗುಂಡಿಯನ್ನೂ ತಾವೇ ಒತ್ತಿದರು.

ಯಂತ್ರ ಸುತ್ತತೊಡಗಿತು. ಅವರ ಕೈ ಓಡಿದ ಕಡೆ ಓಡಿತು, ತಡವರಿಸಿದ ಕಡೆ ತಡವರಿಸಿತು. ಅವರು ಬಗ್ಗಿ ಹತ್ತಿರದಿಂದ ನೋಡುತ್ತಿದ್ದರು. ನಾನು ಸುತ್ತು ಎಣಿಸುತ್ತಿದ್ದೆ. ಕೊನೆಯ ಪದರ ಬಂತು. ನಿಧಾನವಾಗಬೇಕಾದ ಜಾಗ ಬಂತು. ಆಗಲಿಲ್ಲ. ಟಣ್ ಎಂದು ತಂತಿ ಹರಿದು ಅವರ ಅಂಗಿಯ ತೋಳಿಗೆ ಬಂದು ಬಡಿಯಿತು.

 ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ಎಂಜಿನಿಯರ್ ಹರಿದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಪಟ್ಟಿಯ ಹತ್ತಿರ ಹೋದರು. ಸೊನ್ನೆ ಹಾಕಿದ ಮೂರು ಸಾಲು, ಪಕ್ಕದಲ್ಲಿ ನಾನು ಬರೆದ 'ಸುಟ್ಟಿದೆ' ಎಂಬ ಟಿಪ್ಪಣಿ. ಅದನ್ನು ನೋಡಿ, ಮೂಲ ಟೇಪಿನ ಕರಿಕಲನ್ನು ನೋಡಿ, ನನ್ನ ಕಡೆ ತಿರುಗಿದರು.

"ಇಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿತ್ತಲ್ವಾ ಮೇಡಂ?"

"ಗೊತ್ತಿತ್ತು."

"ಮತ್ಯಾಕೆ ಹಾಕ್ಲಿಲ್ಲ?"

"ಟೇಪಲ್ಲಿ ಇಲ್ವಲ್ಲ ಸಾರ್."

ಅವರು ನಕ್ಕರು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ ಆ ನಗು. "ಸುಳ್ಳು ಮಾಡೋರಾಗಿದ್ರೆ ತಂತಿ ಹರೀದೇ ಇರೋ ಹಾಗೆ ಮಾಡ್ತಿದ್ರಿ ಕಣ್ರೀ. ಇದು ಹಳೇದೇ. ನಾನು ಹಾಗೇ ಬರೀತೀನಿ" ಎಂದರು. ತಮ್ಮ ಕಂಪನಿಯ ಸಂಬಳ ಉಣ್ಣುವ ಮನುಷ್ಯ, ನಮ್ಮ ಪರವಾಗಿ ಅದನ್ನು ಬರೆದರೆ ಅಲ್ಲಿ ಅವರಿಗೆ ಏನು ಮರ್ಯಾದೆ ಸಿಗುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಆದರೂ ಬರೆದರು. ಅವರನ್ನು ಮತ್ತೆ ನಾನು ನೋಡಲಿಲ್ಲ. ಎಲ್ಲೇ ಇರಲಿ, ಚೆನ್ನಾಗಿರಲಿ.

ಮೂರು ವಾರದ ಮೇಲೆ ಕಾಗದ ಬಂತು. ಇದು ಒಂದೇ ಪುಟ. ತಪ್ಪಾಯಿತು ಎಂಬ ಮಾತು ಹುಡುಕಿದರೂ ಇರಲಿಲ್ಲ. ನೋಟಿಸನ್ನು ವಾಪಸು ಪಡೆದಿದ್ದೇವೆ, ನಿಮ್ಮ ಯಂತ್ರದ ವಿಷಯದಲ್ಲಿ ಮುಂದುವರಿಯುವುದಿಲ್ಲ ಎಂದಷ್ಟೇ ಇತ್ತು. ಯಜಮಾನರು ಅದನ್ನು ಬೇವಿನ ಮರದ ಕೆಳಗೆ ನಿಂತು ಗಟ್ಟಿಯಾಗಿ ಓದಿದರು. ಪಕ್ಕದ ಲೇತ್ ಅಂಗಡಿಯವರು ಲೇತ್ ನಿಲ್ಲಿಸಿ ಬಂದು ಕೇಳಿದರು. ಫೋರ್‌ಮನ್ ಮಾತ್ರ ಒಳಗೇ ಕೂತು ತಂತಿ ಸುತ್ತುತ್ತಿದ್ದರು. ಹತ್ತಿರ ಹೋದಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹಬ್ಬದ ದಿನ ಬೈದಿದ್ದಕ್ಕೆ ಕ್ಷಮಿಸಿ ಎಂದೆ. "ಯಾವಾಗ ಬೈದ್ರಿ ಮೇಡಂ?" ಎಂದರು, ಗೊತ್ತಿದ್ದೂ.

ಟೇಪು ಇನ್ನೂ ವಕೀಲರ ಬೀರುವಿನಲ್ಲಿತ್ತು. ಅಜ್ಜಿ ದಿನಾ ಕೇಳುತ್ತಿದ್ದರು, "ನಮ್ಮ ದೇವ್ರುದು ಯಾವಾಗ ಕೊಡ್ತಾರೆ?" ಎಂದು. ಸುಮ್ಮನಾಗಲಿ ಎಂದು ನಾನು ಹೊಸದೊಂದು ಟೇಪು ಹೊಡೆದು ಕೊಂಡೊಯ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿ, "ಸುಟ್ಟಿದ್ದು ಎಲ್ಲೈತೆ? ಇದು ನಮ್ದಲ್ಲ" ಎಂದು ವಾಪಸು ಕೊಟ್ಟರು. ಆ ಎಂಜಿನಿಯರ್ ನೋಡಿದ ಹಾಗೆಯೇ ನೋಡಿದ್ದರು.

ವಕೀಲರು ಕೊನೆಗೆ ಮೂಲವನ್ನು ಕೊಟ್ಟಾಗ ನಾನೇ ತೆಗೆದುಕೊಂಡು ಹೋದೆ. ಅಜ್ಜಿ ಗೂಡು ಸಾರಿಸಿ ಕಾಯುತ್ತಿದ್ದರು. ಹಾಕು ಎಂದು ನನಗೇ ಹೇಳಿದರು. ಪಟದ ಸುತ್ತ ಮೂರು ಸುತ್ತು ಹಾಕಿದೆ. ಒಂದು ವಿಷಯ ಬಹಳ ದಿನದಿಂದ ಕೊರೆಯುತ್ತಿತ್ತು, ಅಂದು ಕೇಳಿದೆ.

"ಅಜ್ಜಿ, ಇದು ನಿಮ್ಮ ಕೈಗೆ ಹೇಗೆ ಬಂತು? ನಾನು ಎಸೆದಿದ್ದೆ ಅಂದ್ಕೊಂಡಿದ್ದೆ. ಕಸದಿಂದ ಎತ್ತಿಕೊಂಡ್ರಾ?"

"ಕಸದಿಂದ ಯಾಕ್ ಎತ್ಲಿ? ಎಸೀಬ್ಯಾಡ ಕಣವ್ವ, ಪೂಜೆ ಆಗಿದ್ದು, ನಂಗೆ ಕೊಡು ಅಂದೆ. ನೀನು ನಗಾಡ್ದೆ. ಇದೇನು ದೇವ್ರಾ ಅಜ್ಜಿ ಅಂತ ಬಿದ್ದು ಬಿದ್ದು ನಗಾಡ್ದೆ."

 ಥಟ್ಟನೆ ನೆನಪು ಬಂತು. ಹೌದು, ನಕ್ಕಿದ್ದೆ. ಎಲ್ಲರಿಗೂ ಕೇಳುವ ಹಾಗೆ ನಕ್ಕಿದ್ದೆ. ತಪ್ಪಾಯ್ತು ಎಂದು ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಅವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

"ನಗಾಡ್ದೆ, ಆದ್ರೂ ಕುರ್ಚಿ ಅತ್ತಿ ಒಂದೊಂದೇ ಗಂಟು ಬಿಚ್ಚಿ, ಅರೀದಂಗೆ ಸುತ್ತಿ ನನ್ ಕೈಗೆ ಕೊಟ್ಟಲ್ಲವ್ವ. ನೀನು ಕೊಟ್ಟಿದ್ಕೇ ಇಲ್ಲಿತ್ತು" ಎಂದು ಹೇಳಿ, ಕುಂಕುಮದ ಬಟ್ಟಲು ನನ್ನ ಮುಂದೆ ಹಿಡಿದರು.